ಮಗಳಿಗೊಂದು ಪತ್ರ: ಮೊದಲು ಮ್ಯಾಟ್ ಎತ್ತಿ ನೋಡು

ಪುಟ್ಟಿ,

ನಿನ್ನ ಕುದುರೆ ಒಯ್ಯಲು ಕೊಳ್ಳಬೇಕೆಂದಿರುವ ಹಳೆಯ ಟ್ರೇಲರ್‌ಗಳ ಫೋಟೋಗಳನ್ನು ಕಳಿಸಿದ್ದೆಯಲ್ಲ, ನೋಡಿದೆ. ಕೆಂಪು ಬಣ್ಣದ್ದಕ್ಕೆ ಮನಸೋತಿದ್ದೀಯ ಅಂತ ಗೊತ್ತಾಯಿತು, ಅದರದ್ದೇ ಹನ್ನೊಂದು ಫೋಟೋ! ಒಂದರಲ್ಲೂ ನೆಲ ಕಾಣಲಿಲ್ಲ.

ಟೆಕ್ಸಾಸ್ ಟ್ರೇಲರ್ ಬಗ್ಗೆ ಅಪ್ಪನಿಗೇನು ಗೊತ್ತು ಅನ್ನಬೇಡ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ರೇಸ್ ಕುದುರೆಗಳ ವ್ಯಾನ್ ಓಡಿಸಿದವನು ನಾನು. ಒಂದು ಸಲ ಮದ್ದೂರಿನ ಹತ್ತಿರ ಹಿಂದೆ ದಡಬಡ ಸದ್ದಾಯಿತು. ನಿಲ್ಲಿಸಿ ನೋಡಿದರೆ ಹಲಗೆ ಮುರಿದು ಕುದುರೆಯ ಹಿಂಗಾಲು ಸಿಕ್ಕಿಕೊಂಡಿದೆ. ಮೇಲೆ ಹೊಸ ರಬ್ಬರ್ ಮ್ಯಾಟ್, ಕೆಳಗಿನ ಹಲಗೆ ಉಚ್ಚೆ ಕುಡಿದು ಕುಡಿದು ಲಡ್ಡು ಹಿಡಿದಿತ್ತು. ಜನ ಸೇರಿ ಕಾಲು ಬಿಡಿಸುವವರೆಗೆ ಅದರ ಕುತ್ತಿಗೆ ಸವರುತ್ತಾ ನಿಂತಿದ್ದೆ. ಚರ್ಮ ಕಿತ್ತಿತ್ತು, ಪುಣ್ಯಕ್ಕೆ ಮೂಳೆ ಉಳಿಯಿತು.

ಅದಕ್ಕೇ ಹೇಳುವುದು, ಮೊದಲು ಮ್ಯಾಟ್ ಎತ್ತಿಸು. ಮಾರುವವರು ಗೊಣಗಿದರೆ ಗೊಣಗಲಿ. ಮರದ ನೆಲವಾದರೆ ಸ್ಕ್ರೂಡ್ರೈವರ್‌ನಿಂದ ಚುಚ್ಚು, ಸಲೀಸಾಗಿ ಇಳಿದರೆ ಕೊಳೆತಿದೆ ಅಂತಲೇ ಲೆಕ್ಕ. ಅಲ್ಯೂಮಿನಿಯಂ ಅಂತ ಸುಮ್ನೆ ನಂಬಬೇಡ, ಉಚ್ಚೆ ಅದನ್ನೂ ತಿಂದು ಗುಳಿ ಬೀಳಿಸುತ್ತದೆ. ಬಟ್ಟೆ ಕೊಳೆಯಾದರೂ ಪರವಾಗಿಲ್ಲ, ಟ್ರೇಲರ್ ಕೆಳಗೆ ತೂರಿ ನೆಲ ಹೊತ್ತ ಅಡ್ಡಪಟ್ಟಿಗಳನ್ನೂ ನೋಡು.

ಟೈರಿನಲ್ಲಿ ಬಟನ್ ಇದೆ, ಅಂದರೆ ಮೇಲಿನ ಅಚ್ಚು ಸವೆದಿಲ್ಲ ಅಂತ ಮೋಸ ಹೋಗಬೇಡ. ಟ್ರೇಲರ್ ಓಡುವುದಕ್ಕಿಂತ ಬಿಸಿಲಲ್ಲಿ ನಿಲ್ಲುವುದೇ ಜಾಸ್ತಿ, ರಬ್ಬರ್ ಒಣಗಿರುತ್ತದೆ. ಪಕ್ಕದಲ್ಲಿ ಡಿಒಟಿ (DOT, ಅಲ್ಲಿನ ಸಾರಿಗೆ ಇಲಾಖೆಯ ಗುರುತು) ಅಂತ ಬರೆದಿರುವ ಸಾಲಿನ ಕೊನೆಯ ನಾಲ್ಕು ಅಂಕಿ ಓದು. 2316 ಅಂದರೆ 2016ರ 23ನೇ ವಾರ ತಯಾರಾದದ್ದು.

ಇನ್ನು ತೂಕ. ನಿನ್ನ ಕುದುರೆಯೇ ಹತ್ತಿರಹತ್ತಿರ 500 ಕಿಲೋ. ಖಾಲಿ ಟ್ರೇಲರ್ ಎಷ್ಟು ಅಂತ ಕೇಳಿ ಸುಮ್ಮನಾಗಬೇಡ. ಕುದುರೆ, ಹುಲ್ಲು, ನೀರು, ಜೀನು ಎಲ್ಲ ಕೂಡಿಸಿ ನಿನ್ನ ಗಾಡಿ ಎಷ್ಟು ಎಳೆಯಬಹುದು ಅಂತ ನೋಡು. ಎಳೆಯುವ ಗಾಡಿಗೆಲ್ಲ ನಿಲ್ಲಿಸುವ ತಾಕತ್ತು ಇರುವುದಿಲ್ಲ. ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಹಿಡಿಸುವ ಬ್ಯಾಟರಿ ಇರುತ್ತದಲ್ವಾ, ಪಿನ್ ಎಳೆದು ಅದನ್ನೂ ಪರೀಕ್ಷೆ ಮಾಡು.

ನನ್ನನ್ನು ಕೇಳಿದರೆ ಆ ಎರಡು ಕುದುರೆಯ ಬಿಳಿ ಟ್ರೇಲರ್ ಸಾಕು. ಒಳಗೂ ಬಿಳಿ, ಕಿಟಕಿಯೂ ದೊಡ್ಡದು. ಕತ್ತಲ ಗುಹೆಯಂಥ ಜಾಗಕ್ಕೆ ಯಾವ ಕುದುರೆ ಹತ್ತುತ್ತದೆ ಹೇಳು? ಒಂದನ್ನೇ ಒಯ್ಯುವಾಗ ಡ್ರೈವರ್ ಕಡೆ ನಿಲ್ಲಿಸು, ರಸ್ತೆ ಅಂಚಿನ ಕಡೆಗೆ ಇಳಿಜಾರಾಗಿರುತ್ತದೆ, ಭಾರ ಎತ್ತರದ ಕಡೆಗಿರಬೇಕು. ಇಲ್ಲಿ ಡ್ರೈವರ್ ಕೂರುವುದು ಬಲಕ್ಕೆ, ನಾನು ಬಲಕ್ಕೆ ನಿಲ್ಲಿಸುತ್ತಿದ್ದೆ, ನಿನಗೆ ಅದು ಎಡ.

ಈ ದುಡ್ಡಿಗೆ ಇಲ್ಲಿ ಎಷ್ಟು ಹಸು ಬರುತ್ತಿತ್ತು ಅಂತ ಅಮ್ಮ ಲೆಕ್ಕ ಹಾಕುತ್ತಿದ್ದಾಳೆ. ನೀನು ಕಿವಿಗೆ ಹಾಕಿಕೊಳ್ಳಬೇಡ.

ಶನಿವಾರ ನೋಡಲು ಹೋದಾಗ ಮ್ಯಾಟ್ ಎತ್ತಿದ ಮೇಲೆ ಫೋಟೋ ತೆಗೆದು ಕಳಿಸು. ನಾಲ್ಕೂ ಮೂಲೆಯದು.

ನಿನ್ನ
ಅಪ್ಪ