ಸೀಟಿಗೆ ಕಾದ ತಿಂಗಳುಗಳಲ್ಲಿ ಜೊತೆಗಿದ್ದವರಿಗೆ

ನಮ್ಮ ಪಿಯು ಕಾಲೇಜಿನ ಪಾಲಕರ ಬಳಗದ ಮಕ್ಕಳು ಬಹುಮಟ್ಟಿಗೆ ಎಲ್ಲರೂ ಈಗ ಒಂದಲ್ಲ ಒಂದು ಕಡೆ ದಾಖಲಾಗಿದ್ದಾರೆ. ಕೆಲವರಿಗೆ ಬಯಸಿದ್ದೇ ಸಿಕ್ಕಿತು, ಹಲವರಿಗೆ ಪಟ್ಟಿಯ ನಡುವಿನದು ಸಿಕ್ಕಿತು, ಒಂದಿಷ್ಟು ಮಂದಿ ಲೆಕ್ಕ ಹಾಕಿಯೇ ಬಿಎಸ್ಸಿಗೆ ಹೋದರು. ಹಾಸ್ಟೆಲಿಗೆ ಹಾಸಿಗೆ ಬಕೆಟ್ಟು ಸಾಗಿಸುವ ಗಡಿಬಿಡಿಯಲ್ಲಿ ಥ್ಯಾಂಕ್ಸ್ ಹೇಳುವುದು ಉಳಿದುಹೋಗಿತ್ತು. "ಸಹಕರಿಸಿದ ಸರ್ವರಿಗೂ ವಂದನೆಗಳು" ಎಂದು ಬರೆದು ಮುಗಿಸಿದರೆ ಲಗ್ನಪತ್ರಿಕೆಯ ಕೊನೆಯ ಸಾಲಿನ ಹಾಗಾಗುತ್ತದೆ. ಯಾರು ಏನು ಮಾಡಿದರು ಎಂದು ಬಿಡಿಸಿಯೇ ಹೇಳುತ್ತೇವೆ. ಬರುವ ವರ್ಷ ಕಾಯಲಿರುವ ಮನೆಗಳಿಗೂ ಉಪಯೋಗಕ್ಕೆ ಬಂದೀತು.

ಈ ಕಾಯುವಿಕೆ ಎಷ್ಟು ಉದ್ದ ಎನ್ನುವುದು ಹೊರಗಿನವರಿಗೆ ಅಂದಾಜಾಗುವುದಿಲ್ಲ. 2025ರಲ್ಲಿ ಸಿಇಟಿ (ಎಂಜಿನಿಯರಿಂಗ್ ಮೊದಲಾದ ಕೋರ್ಸುಗಳಿಗೆ ರಾಜ್ಯದ ಪ್ರವೇಶ ಪರೀಕ್ಷೆ) ನಡೆದದ್ದು ಏಪ್ರಿಲ್ 16 ಮತ್ತು 17ಕ್ಕೆ. ರ‍್ಯಾಂಕ್ ಬಂದದ್ದು ಮೇ 24ಕ್ಕೆ. ವೈದ್ಯಕೀಯ ಪ್ರವೇಶಕ್ಕಿರುವ ನೀಟ್ ಫಲಿತಾಂಶ ಜೂನ್ 14ಕ್ಕೆ. ಮೊದಲ ಸುತ್ತಿನ ಸೀಟು ಹಂಚಿಕೆಯ ಹೊತ್ತಿಗೆ ಆಗಸ್ಟ್ ಬಂದಿತ್ತು. ಇದು ತೀರಾ ಕೆಟ್ಟ ವರ್ಷವೂ ಅಲ್ಲ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು, ಅದೇ ವರ್ಷ ನೀಟ್ ವಿವಾದ ಸುಪ್ರೀಂ ಕೋರ್ಟಿಗೆ ಹೋಗಿ ಪರಿಷ್ಕೃತ ಫಲಿತಾಂಶ ಬಂದದ್ದು ಜುಲೈ ಕೊನೆಗೆ. 2022ರಲ್ಲಂತೂ ಕೊರೊನಾ ಬ್ಯಾಚಿನ ರಿಪೀಟರ್‌ಗಳ ಪಿಯು ಅಂಕ ಪರಿಗಣಿಸಬೇಕೋ ಬೇಡವೋ ಎಂಬ ಪ್ರಕರಣ ಹೈಕೋರ್ಟಿನಲ್ಲಿತ್ತು. ಸೆಪ್ಟೆಂಬರ್ ಬಂದರೂ ರ‍್ಯಾಂಕ್ ಪಟ್ಟಿಯೇ ಖಾತ್ರಿ ಇರಲಿಲ್ಲ. ಮನೆಯಲ್ಲಿ ಕೂತ ಮಗುವಿನ ತಪ್ಪು ಇದರಲ್ಲಿ ಯಾವುದೂ ಇಲ್ಲ ಎಂದು ಜೂನ್ ತಿಂಗಳ ಪಾಲಕರ ಸಭೆಯಲ್ಲಿ ದಿನಾಂಕಗಳ ಸಮೇತ ಬೋರ್ಡಿನ ಮೇಲೆ ಬರೆದು ತೋರಿಸಿದ ಪ್ರಾಂಶುಪಾಲರಿಗೆ ಮೊದಲ ನಮಸ್ಕಾರ. ಆ ಬೋರ್ಡಿನ ಫೋಟೊ ಎಷ್ಟೋ ಅಪ್ಪಂದಿರ ಫೋನಿನಲ್ಲಿ ಇನ್ನೂ ಇದೆ.

ಎರಡನೆಯದು ಪ್ರಾಥಮಿಕ ಶಾಲೆಗಳ ಮುಖ್ಯಶಿಕ್ಷಕರಿಗೆ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಸಿಬ್ಬಂದಿಗೆ, ನಾಡಕಚೇರಿಯವರಿಗೆ. ಕಾಗದಪತ್ರದ ಕೆಲಸ ಎಂದರೆ ಮೂಗು ಮುರಿಯುವವರೇ ಹೆಚ್ಚು. ಆದರೆ ಕಾಯುವ ದಿನಗಳ ಅರ್ಧ ಆತಂಕ ಹುಟ್ಟುವುದೇ ಇಲ್ಲಿ. ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು. ಗ್ರಾಮೀಣ ಮೀಸಲಾತಿಗೆ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ನೇ ತರಗತಿವರೆಗಿನ ಪ್ರಮಾಣಪತ್ರ ಬೇಕು, ಬಿಇಒ ಮೇಲುಸಹಿಯೊಂದಿಗೆ. ಐದನೇ ತರಗತಿವರೆಗೆ ಒಂದು ತಾಲ್ಲೂಕು, ಆಮೇಲೆ ಇನ್ನೊಂದು ತಾಲ್ಲೂಕಿನಲ್ಲಿ ಓದಿದ ಮಗುವಿಗೆ ಎರಡು ಶಾಲೆ, ಎರಡು ಬಿಇಒ ಕಚೇರಿ. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯಾಗಿದ್ದರೆ ದಾಖಲಾತಿ ರಿಜಿಸ್ಟರು ಪಕ್ಕದೂರಿನ ಶಾಲೆಯ ಬೀರುವಿನಲ್ಲಿರುತ್ತದೆ. ಯಾವ ಬೀರು ಎಂದು ಗೊತ್ತಿರುವವರು ನಿವೃತ್ತರಾಗಿರುತ್ತಾರೆ. ಬೇಸಿಗೆ ರಜೆಯಲ್ಲೂ ಬಂದು ಅಂಥ ರಿಜಿಸ್ಟರು ತೆಗೆಸಿ ಕೊಟ್ಟ ಮೇಷ್ಟ್ರುಗಳಿಗೆ ಏನು ಹೇಳಿದರೂ ಕಡಿಮೆ.

ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮ ಶೇ 5. ಸಾವಿರಾರು ರ‍್ಯಾಂಕ್‌ಗಳ ವ್ಯತ್ಯಾಸವನ್ನು ಈ ಒಂದು ಹಾಳೆ ತುಂಬಿಕೊಡಬಲ್ಲದು. ಸಾಮಾನ್ಯ ವರ್ಗದವರು ಗ್ರಾಮೀಣ ಕೋಟಾ ಕೇಳುವುದಾದರೆ ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವೂ ಜೊತೆಗಿರಬೇಕು. ಬಹಳ ಮಂದಿ ಎಡವುವುದು ಇಲ್ಲೇ. ಕಲ್ಯಾಣ ಕರ್ನಾಟಕದ ಮೂಲದವರಿಗೆ ಸಂವಿಧಾನದ 371ಜೆ ವಿಧಿಯಡಿಯ ಪ್ರಮಾಣಪತ್ರ ಉಪವಿಭಾಗಾಧಿಕಾರಿ ಕಚೇರಿಯಿಂದ ಬರಬೇಕು. ಅದಿದ್ದರೆ ಆ ಭಾಗದ ಸೀಟುಗಳಲ್ಲಿ ಶೇ 70, ಉಳಿದ ರಾಜ್ಯದಲ್ಲಿ ಶೇ 8.

ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರನ್ನು ಅರ್ಜಿಯಲ್ಲಿ ಹಾಕಿದ ಕೂಡಲೇ ಅದು ಆನ್‌ಲೈನ್‌ನಲ್ಲಿ ತಾಳೆಯಾಗಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಗೆ, ಜಾತಿ ಪ್ರಮಾಣಪತ್ರದಲ್ಲಿ ಮೊದಲಿಗೆ, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ತಾಳೆ ತಪ್ಪುತ್ತದೆ. ತಾಯಿಯ ಹೆಸರಿನಲ್ಲಿರುವ ಪ್ರಮಾಣಪತ್ರ, ಅವಧಿ ಮುಗಿದ ಪ್ರಮಾಣಪತ್ರ, ಹಿಂದುಳಿದ ವರ್ಗದ ಪ್ರವರ್ಗ 3ಎ ಬದಲು 3ಬಿ ಎಂದು ಟೈಪಾದದ್ದು, ಹೀಗೆ ಹೊರಡುವ ತಕರಾರುಗಳೆಲ್ಲ ಕಣ್ಣಿಗೆ ಬೀಳುವುದು ಪರಿಶೀಲನೆಯ ದಿನ. ನಮ್ಮ ಬಳಗದಲ್ಲಿ ಡಿಸೆಂಬರ್‌ನಲ್ಲೇ ಎಲ್ಲ ಮಕ್ಕಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಆರ್‌ಡಿ ಪ್ರತಿ ಮೂರನ್ನೂ ಪಕ್ಕಪಕ್ಕ ಇಟ್ಟು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದವರು ಕಾಲೇಜಿನ ಕಚೇರಿಯ ಮೇಡಂ. ಅವರ ಕೆಲಸದ ಪಟ್ಟಿಯಲ್ಲಿ ಅದು ಇರಲೇ ಇಲ್ಲ.

ಇನ್ನು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಆನ್‌ಲೈನ್‌ನಲ್ಲಿ ಪಟ್ಟಿ ಮಾಡುವುದು. ಇಲ್ಲಿ ಸ್ವಲ್ಪ ನಿಲ್ಲಬೇಕು. ಗಣಿತದ ಮೇಷ್ಟ್ರು ಮೂರು ಸಂಜೆ ಕೂತು ಇದನ್ನು ಬಿಡಿಸಿ ಹೇಳದಿದ್ದರೆ ಇವತ್ತು ಕೆಲವು ಮನೆಗಳಲ್ಲಿ ಮಾತೇ ನಿಂತಿರುತ್ತಿತ್ತು.

ಹಂಚಿಕೆ ನಡೆಯುವುದು ರ‍್ಯಾಂಕ್ ಕ್ರಮದಲ್ಲಿ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತಾರೆ. ನಿಮಗೆ ಅರ್ಹತೆ ಇರುವ ಯಾವುದಾದರೂ ವರ್ಗದಲ್ಲಿ ಸೀಟು ಉಳಿದಿರುವ ಮೊದಲ ಆಪ್ಷನ್ನೇ ನಿಮ್ಮದು. ಕೆಳಗಿನವು ಅಲ್ಲಿಗೆ ಅಳಿಸಿಹೋಗುತ್ತವೆ, ಮುಂದಿನ ಸುತ್ತಿಗೆ ಮೇಲಿನವು ಮಾತ್ರ ಉಳಿಯುತ್ತವೆ. ಇದರಿಂದ ಎರಡು ಮಾತು ಹೊರಡುತ್ತವೆ. "ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಚಾನ್ಸ್ ವೇಸ್ಟ್" ಎನ್ನುವುದು ಸುಳ್ಳು. ಮೇಲೆ ಹಾಕಿದ್ದಕ್ಕೆ ದಂಡವಿಲ್ಲ. ನಿಜವಾದ ಪೆಟ್ಟು ಬೀಳುವುದು ಭಯಕ್ಕೆ ಸುರಕ್ಷಿತ ಕಾಲೇಜನ್ನು ಮೇಲಕ್ಕೂ ಬಯಸಿದ್ದನ್ನು ಕೆಳಕ್ಕೂ ಬರೆದಾಗ. ಆ ಸುರಕ್ಷಿತ ಕಾಲೇಜೇ ಸಿಗುತ್ತದೆ, ಕೆಳಗಿದ್ದದ್ದು ರ‍್ಯಾಂಕ್‌ಗೆ ಎಟುಕುತ್ತಿದ್ದರೂ ಕಳೆದುಹೋಗುತ್ತದೆ. ಎರಡನೆಯದು, ಹೋಗುವ ಮನಸ್ಸೇ ಇಲ್ಲದ ಕಾಲೇಜನ್ನು ಪಟ್ಟಿ ಉದ್ದವಾಗಲೆಂದು ಬರೆಯಬಾರದು. ಪಟ್ಟಿ ಉದ್ದವಿರಲಿ, ಪ್ರತಿ ಸಾಲಿಗೂ "ಇದೊಂದೇ ಸಿಕ್ಕರೆ ಹೋಗುತ್ತೀಯಾ?" ಎಂದು ಮಗುವನ್ನೇ ಕೇಳಿ ಎಂಬುದು ಅವರ ಸೂತ್ರ. ಹಾಗೆ ಕೇಳಿದಾಗ ಹಲವು ಅಪ್ಪಂದಿರ ಪಟ್ಟಿ ಅರ್ಧಕ್ಕೆ ಇಳಿಯಿತು!

ಹಿಂದಿನ ವರ್ಷದ ಕಟಾಫ್ (ಆ ಕಾಲೇಜಿನ ಸೀಟು ಕೊನೆಗೆ ಸಿಕ್ಕ ರ‍್ಯಾಂಕ್) ಓದುವುದನ್ನೂ ಅವರೇ ಹೇಳಿಕೊಟ್ಟರು. ಜಿಎಂ (ಜನರಲ್ ಮೆರಿಟ್) ಕಾಲಂ ನೋಡಿ ಹೆದರಬೇಡಿ. ಜಿಎಂಆರ್, ಜಿಎಂಕೆ, 2ಎಜಿ, 2ಎಆರ್, 3ಬಿಕೆ ಹೀಗೆ ನಿಮ್ಮದೇ ಕಾಲಂ ಹುಡುಕಿ. ಆರ್ ಎಂದರೆ ಗ್ರಾಮೀಣ, ಕೆ ಎಂದರೆ ಕನ್ನಡ ಮಾಧ್ಯಮ. ಮೊದಲ ಸುತ್ತಿನ ಕಟಾಫನ್ನೂ ಕೊನೆಯ ಸುತ್ತಿನದನ್ನೂ ಪಕ್ಕದಲ್ಲಿಟ್ಟು ನೋಡಿ, ಯಾಕೆಂದರೆ ಮೊದಲ ಸುತ್ತಿನಲ್ಲಿ ಎಂಜಿನಿಯರಿಂಗ್ ಸೀಟು ಹಿಡಿದ ಎಷ್ಟೋ ಮಂದಿ ಆಮೇಲೆ ವೈದ್ಯಕೀಯಕ್ಕೋ ಖಾಸಗಿ ಕಾಲೇಜುಗಳ ಸೀಟು ಹಂಚುವ ಕಾಮೆಡ್‌ಕೆಗೋ ಐಐಟಿ ಎನ್‌ಐಟಿಗೋ ಹೋಗುತ್ತಾರೆ. ಆ ಸೀಟುಗಳು ಮುಂದಿನ ಸುತ್ತಿಗೆ ಬರುತ್ತವೆ. ಎಂಜಿನಿಯರಿಂಗ್ ರ‍್ಯಾಂಕ್ ಪಿಯು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿ ಆದದ್ದು. ಕೃಷಿ, ಪಶುವೈದ್ಯಕೀಯ, ಫಾರ್ಮಸಿಯ ರ‍್ಯಾಂಕ್‌ಗಳೇ ಬೇರೆ. ಒಂದರ ಕಟಾಫನ್ನು ಇನ್ನೊಂದರ ರ‍್ಯಾಂಕ್‌ಗೆ ಹೋಲಿಸಿ ರಾತ್ರಿಯೆಲ್ಲ ಅತ್ತ ಮಕ್ಕಳಿದ್ದಾರೆ.

ನಿಜವಾದ ಸುತ್ತಿಗೆ ಮೊದಲಿನ ಅಣಕು ಹಂಚಿಕೆ (ಮಾಕ್) ಬಂದ ರಾತ್ರಿ ಫೋನು ತೆಗೆದು ಉತ್ತರಿಸಿದ್ದಕ್ಕೂ ಅದೇ ಮೇಷ್ಟ್ರಿಗೆ ವಂದನೆ. ಮಾಕ್‌ನಲ್ಲಿ ಸೀಟು ಬಂದರೆ ಕುಣಿಯುವುದು, ಬರದಿದ್ದರೆ ಪಟ್ಟಿಯನ್ನೇ ತಲೆಕೆಳಗು ಮಾಡುವುದು, ಎರಡೂ ಆಗುವ ಅವಾಂತರವೇ. ಮಾಕ್ ಆದ ಮೇಲೆ ಸಾವಿರಾರು ಮಂದಿ ಪಟ್ಟಿ ಬದಲಿಸುತ್ತಾರೆ, ಹಾಗಾಗಿ ಅಲ್ಲಿ ಕಂಡದ್ದು ನಿಜವಾದ ಸುತ್ತಿನಲ್ಲಿ ಹಾಗೇ ಇರಬೇಕೆಂದಿಲ್ಲ. ಕಾಲೇಜು ಕೋಡ್ ತಪ್ಪಿದೆಯೇ, ಮೀಸಲಾತಿ ಸರಿಯಾಗಿ ದಾಖಲಾಗಿದೆಯೇ, ಬಿಟ್ಟುಹೋದ ಕಾಲೇಜು ಇದೆಯೇ ಎಂದು ನೋಡಿಕೊಳ್ಳುವುದಕ್ಕೆ ಮಾಕ್ ಇರುವುದು. ಕೋಡ್ ವಿಷಯ ಸಣ್ಣದಲ್ಲ. ಕೆಲವು ಹಳೆಯ ಕಾಲೇಜುಗಳಲ್ಲಿ ಒಂದೇ ಹೆಸರಿನಡಿ ಅನುದಾನಿತ ಮತ್ತು ಅನುದಾನರಹಿತ ಎಂದು ಎರಡು ಕೋಡ್ ಇರುತ್ತವೆ. ಅದೇ ಕಟ್ಟಡ, ಅದೇ ಮೇಷ್ಟ್ರು, ಶುಲ್ಕದಲ್ಲಿ ಮಾತ್ರ ದೊಡ್ಡ ಅಂತರ. ಎರಡನ್ನೂ ಹಾಕಬೇಕು, ಅನುದಾನಿತವನ್ನು ಮೇಲೆ.

ಸೀಟು ಬಂದ ಮೇಲೆ ಕೊಡಬೇಕಾದ ಉತ್ತರ ನಾಲ್ಕು ಬಗೆ. ಚಾಯ್ಸ್-1: ಒಪ್ಪಿದೆ, ಶುಲ್ಕ ಕಟ್ಟಿ ಸೇರುತ್ತೇನೆ. ಚಾಯ್ಸ್-2: ಇದು ಇರಲಿ, ಮೇಲಿನದು ಸಿಕ್ಕರೆ ಬೇಕು. ಚಾಯ್ಸ್-3: ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ಚಾಯ್ಸ್-4: ನಾನು ಹೊರಗೆ. ಚಾಯ್ಸ್-2ರಲ್ಲಿ ಮೇಲಿನದು ಸಿಕ್ಕಿಬಿಟ್ಟರೆ ಹಳೆಯದು ತಾನಾಗಿಯೇ ಹೋಗುತ್ತದೆ, ವಾಪಸ್ ಕೇಳುವ ಹಾಗಿಲ್ಲ. ಈಗೀಗ ಚಾಯ್ಸ್-2ಕ್ಕೂ ಶುಲ್ಕ ಕಟ್ಟಬೇಕು. ಚಾಯ್ಸ್-3 ಧೈರ್ಯದ ಆಟ. ಕೈಯಲ್ಲಿ ಬೇರೆ ಸೀಟು ಇದ್ದವರಿಗೆ ಸರಿ, ಇಲ್ಲದವರು ಸ್ನೇಹಿತ ಹಾಕಿದ ಅಂತ ಹಾಕಬಾರದು. ಏನನ್ನೂ ಒತ್ತದೆ ಸುಮ್ಮನಿದ್ದರೆ ಸೀಟು ರದ್ದು.

ಬಸ್‌ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರ್ ಹುಡುಗರಿಗೆ ಬಳಗದ ಎಲ್ಲ ತಾಯಂದಿರ ವಿಶೇಷ ನೆನಕೆ. ಕೊನೆಯ ದಿನ ಸರ್ವರ್ ತೂಕಡಿಸುತ್ತದೆ, ಒಟಿಪಿ ಊರಿನಲ್ಲಿರುವ ಅಪ್ಪನ ಫೋನಿಗೆ ಹೋಗುತ್ತದೆ, ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಇವರು ಮೊದಲ ದಿನವೇ ನೋಂದಾಯಿತ ನಂಬರ್ ಯಾರ ಬಳಿ ಇದೆ ಎಂದು ಕೇಳಿ ಬರೆದಿಟ್ಟುಕೊಂಡರು. ಪಾಸ್‌ವರ್ಡ್ ತಮ್ಮ ಬಳಿ ಉಳಿಸಿಕೊಳ್ಳದೆ ಮಗುವಿನ ಕೈಲೇ ಟೈಪ್ ಮಾಡಿಸಿದರು. ಆಪ್ಷನ್ ಸೇವ್ ಆದ ಮೇಲೆ ಪ್ರಿಂಟ್ ತೆಗೆದು ಪೆನ್ಸಿಲ್‌ನಲ್ಲಿ ಒಂದೊಂದೇ ಸಾಲು ಟಿಕ್ ಹಾಕಿಸಿದರು. ಜೆರಾಕ್ಸ್ ದುಡ್ಡು ಬಿಟ್ಟರೆ ಬೇರೇನೂ ಕೇಳಲಿಲ್ಲ.

ಬ್ಯಾಂಕಿನವರಿಗೂ ಒಂದು ಮಾತು. ಶುಲ್ಕ ಕಟ್ಟಲು ಕೊಡುವುದು ಕೆಲವೇ ದಿನ. ಖಾತೆಯಲ್ಲಿ ದುಡ್ಡಿದ್ದರೂ ಯುಪಿಐ ಅಥವಾ ನೆಟ್‌ಬ್ಯಾಂಕಿಂಗ್ ದಿನದ ಮಿತಿ ಅಡ್ಡ ಬರುತ್ತದೆ, ಆ ಮಿತಿಯನ್ನು ಮೊದಲೇ ಏರಿಸಿಕೊಳ್ಳಬೇಕು. ದುಡ್ಡು ಕಡಿತವಾಗಿ ರಸೀದಿ ಬರದಿದ್ದರೆ ಗಾಬರಿಗೆ ಮತ್ತೊಮ್ಮೆ ಕಟ್ಟಬಾರದು. ವಹಿವಾಟು ಸಂಖ್ಯೆ ಬರೆದುಕೊಂಡು ಪಾವತಿ ಸ್ಥಿತಿ ನೋಡಿ, ಬ್ಯಾಂಕಿನಲ್ಲಿ ಕೇಳಿ, ಆಮೇಲೆ ಮುಂದಿನದು. ಸೀಟು ಬರುವ ಮೊದಲೇ ಶಿಕ್ಷಣ ಸಾಲದ ಅರ್ಧ ಕಾಗದ ಸಿದ್ಧ ಮಾಡಿಸಿದ ಮ್ಯಾನೇಜರ್ ಸಾಹೇಬರ ಉಪಕಾರ ದೊಡ್ಡದು, ಹಂಚಿಕೆ ಪತ್ರ ಮತ್ತು ಶುಲ್ಕದ ವಿವರ ಸೇರಿಸುವುದಷ್ಟೇ ಬಾಕಿ ಇತ್ತು.

ಜೂನ್‌ನಲ್ಲೇ ತುಂಬಿಹೋಗುವ ಬಿಎಸ್ಸಿ, ಬಿಸಿಎ ಸೀಟುಗಳನ್ನು ಹಿಡಿದಿಟ್ಟುಕೊಳ್ಳುವ ದಾರಿ ತೋರಿಸಿದ ಡಿಗ್ರಿ ಕಾಲೇಜಿನವರನ್ನು ಮರೆಯುವ ಹಾಗಿಲ್ಲ. ಅಲ್ಲಿ ಒಂದು ಎಚ್ಚರ ಬೇಕು: ಮೂಲ ಅಂಕಪಟ್ಟಿ, ಟಿಸಿ ಒಪ್ಪಿಸಿದರೆ ಯಾವ್ಯಾವುದು ಎಂದು ಹೆಸರು ಬರೆಸಿ ಸೀಲು ಹಾಕಿಸಿ ರಸೀದಿ ಪಡೆಯಬೇಕು, ಬಿಟ್ಟು ಹೋಗುವಾಗ ಶುಲ್ಕದಲ್ಲಿ ಎಷ್ಟು ವಾಪಸ್ ಎಂಬುದನ್ನೂ ಲಿಖಿತದಲ್ಲೇ ಕೇಳಬೇಕು. ಕೆಲವು ಕಡೆ ಟಿಸಿ ವಾಪಸ್ ಪಡೆಯುವುದು ಸೀಟು ಪಡೆಯುವುದಕ್ಕಿಂತ ಕಷ್ಟ. ಇವರು ಕೇಳಿದ ದಿನವೇ ಕೊಟ್ಟರು.

ಸೀನಿಯರ್‌ಗಳು ಹೇಳಿದ ಸತ್ಯಗಳು ಬ್ರೋಷರ್‌ನಲ್ಲಿ ಇರುವುದಿಲ್ಲ: ಕಾಲೇಜಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಹಾಸ್ಟೆಲ್ ಮೊದಲ ವರ್ಷದವರಿಗೆ ಸಿಗುತ್ತದೋ ಇಲ್ಲವೋ, ಪ್ಲೇಸ್‌ಮೆಂಟ್ ಬೋರ್ಡಿನ ಮೇಲಿರುವ ಫೋಟೊಗಳು ಯಾವ ವರ್ಷದವು. ಅವರಿಗೆ ಪಾರ್ಟಿ ಬಾಕಿ ಇದೆ, ನೆನಪಿದೆ.

"ಎಲ್ಲಿ ಸಿಕ್ತು ಸೀಟು?" ಎಂದು ಕೇಳದೆ ಇದ್ದ ಬಂಧುಗಳಿಗೆ ಹೃತ್ಪೂರ್ವಕ ಧನ್ಯವಾದ. ಅಂಥವರು ಕಡಿಮೆ, ಅದಕ್ಕೇ ಹೆಚ್ಚು ಬೆಲೆ. ಕೆಲವು ಮನೆಗಳಲ್ಲಿ ಒಂದು ಏರ್ಪಾಡು ಮಾಡಿಕೊಂಡರು: ಫೋನಿಗೆ ಉತ್ತರ ಕೊಡುವುದು ಚಿಕ್ಕಪ್ಪನೊಬ್ಬನೇ, ಸೈಟ್ ನೋಡುವುದು ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ, ರಾತ್ರಿ ಊಟದ ಹೊತ್ತಿಗೆ ಸೀಟಿನ ಮಾತಿಲ್ಲ. ಊಟ ಬಿಟ್ಟ, ನಿದ್ದೆ ಬಿಟ್ಟ, ಗೆಳೆಯರ ಫೋನೂ ಎತ್ತದ ಮಕ್ಕಳ ಮನೆಗೆ ನಮ್ಮ ಜೀವಶಾಸ್ತ್ರದ ಮೇಡಂ ತಾವೇ ಹೋಗಿ ಬಂದರು, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟು ಬಂದರು. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಗುವಿಗಷ್ಟೇ ಅಲ್ಲ, ಅಮ್ಮಂದಿರಿಗೂ ಅದು ಬೇಕಾಗಿತ್ತು.

ವೈದ್ಯಕೀಯ ಸೀಟಿಗೆ ಇನ್ನೂ ಕಾಯುತ್ತಿರುವ ಮಕ್ಕಳು ಬಳಗದಲ್ಲಿದ್ದಾರೆ. ಸರ್ಕಾರಿ ಕಾಲೇಜುಗಳ ಸೀಟುಗಳಲ್ಲಿ ಅಖಿಲ ಭಾರತ ಕೋಟಾದ ಶೇ 15ರ ಕೌನ್ಸೆಲಿಂಗ್ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯದು (ಎಂಸಿಸಿ), ಉಳಿದ ಶೇ 85 ರಾಜ್ಯದ ಪರೀಕ್ಷಾ ಪ್ರಾಧಿಕಾರದ್ದು (ಕೆಇಎ). ಎರಡರ ದಿನಾಂಕಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಅವರ ಜೊತೆ ಮಾತಾಡಲು ಗಣಿತದ ಮೇಷ್ಟ್ರು ಶನಿವಾರ ಮಧ್ಯಾಹ್ನ ಎರಡರ ಮೇಲೆ ಲೈಬ್ರರಿಯಲ್ಲಿ ಸಿಗುತ್ತಾರೆ. ಈ ವರ್ಷದ ಕಟಾಫ್ ಪ್ರಿಂಟುಗಳು, ಪ್ರಮಾಣಪತ್ರಗಳ ಮಾದರಿಗಳು, ಟಿಕ್ ಹಾಕಿದ ಆಪ್ಷನ್ ಪಟ್ಟಿಗಳು (ಹೆಸರು ಅಳಿಸಿ) ಅಲ್ಲಿಯೇ ಎರಡನೇ ಕಪಾಟಿನ ನೀಲಿ ಫೈಲಿನಲ್ಲಿವೆ. ಈಗ ದ್ವಿತೀಯ ಪಿಯು ಓದುತ್ತಿರುವ ಮಕ್ಕಳ ಪಾಲಕರು ಬಂದು ನೋಡಬಹುದು. ವ್ಯಾಸಂಗ ಪ್ರಮಾಣಪತ್ರದ ಅರ್ಜಿಯನ್ನಂತೂ ದಸರಾ ರಜೆ ಮುಗಿದ ಕೂಡಲೇ ಹಾಕಿಬಿಡಿ.

ಪಾಲಕರ ಬಳಗದ ಪರವಾಗಿ