ಟಿ.ಸಿ. ಕೇಳುವ ಮುನ್ನ ಒಂದು ದಿನ ತರಗತಿಗೆ ಬನ್ನಿ

ಪೋಷಕ ಬಂಧುಗಳಿಗೆ ನಮಸ್ಕಾರ.

ಈ ಬಾರಿ ಶಾಲೆ ಬಾಗಿಲು ತೆರೆದ ವಾರದಲ್ಲೇ ಏಳು ಮನೆಯವರು ವರ್ಗಾವಣೆ ಪತ್ರ ಕೇಳಿದ್ದೀರಿ. ಜೊತೆಗೆ ಎಲ್ಲರದೂ ಒಂದೇ ಪ್ರಶ್ನೆ: "ಮೇಡಂ, ಆರ್‌ಟಿಇ ಸೀಟು ಸಿಕ್ಕರೆ ಫೀಸು ಸರ್ಕಾರವೇ ಕಟ್ಟುತ್ತದಂತಲ್ಲ?" ಬಾಗಿಲಲ್ಲಿ ನಿಲ್ಲಿಸಿ ಉತ್ತರ ಹೇಳಿ ಕಳಿಸಲು ಮನಸ್ಸು ಬರಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಯಂತೆ ಅನುದಾನರಹಿತ ಖಾಸಗಿ ಶಾಲೆಗಳು ಆರಂಭದ ತರಗತಿಯಲ್ಲಿ ಶೇ 25ರಷ್ಟು ಸೀಟುಗಳನ್ನು ದುರ್ಬಲ ಹಾಗೂ ಅವಕಾಶವಂಚಿತ ವರ್ಗದ ಮಕ್ಕಳಿಗೆ ಕೊಡಬೇಕು, ವೆಚ್ಚವನ್ನು ಸರ್ಕಾರ ಭರಿಸುತ್ತದೆ. ಆದರೆ 2019ರಲ್ಲಿ ನಮ್ಮ ರಾಜ್ಯದ ನಿಯಮ ಬದಲಾಯಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೀಟು ಇಲ್ಲ. ಹೈಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಸೀಟು ಸಿಕ್ಕ ಮಕ್ಕಳಿಗೂ ಅದು ಎಂಟನೇ ತರಗತಿಯವರೆಗೆ ಮಾತ್ರ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಬ್ಬ ತಂದೆ, "ಶಾಲೆಗೆ ಸುರಿಯುವ ಹಣವನ್ನು ವೋಚರ್ ಮಾಡಿ ನಮ್ಮ ಕೈಗೇ ಕೊಡಲಿ, ಬೇಕಾದಲ್ಲಿ ಸೇರಿಸುತ್ತೇವೆ" ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ಅವಿಭಜಿತ ಆಂಧ್ರದ 180 ಹಳ್ಳಿಗಳ ಒಂದು ಅಧ್ಯಯನದಲ್ಲಿ ಇದನ್ನೇ ಮಾಡಿ ನೋಡಿದ್ದಾರೆ. ಲಾಟರಿಯಲ್ಲಿ ಹೆಸರು ಬಂದ ಮಕ್ಕಳು ಖಾಸಗಿ ಶಾಲೆಗೆ ಹೋದರು. ನಾಲ್ಕು ವರ್ಷದ ನಂತರ ತೆಲುಗು, ಗಣಿತದಲ್ಲಿ ಅವರಿಗೂ ಉಳಿದವರಿಗೂ ವ್ಯತ್ಯಾಸ ಕಾಣಲಿಲ್ಲ, ಹಿಂದಿಯಲ್ಲಿ ಮುಂದಿದ್ದರು. ಖಾಸಗಿ ಶಾಲೆಗಳು ಅಷ್ಟನ್ನು ತೀರ ಕಡಿಮೆ ಖರ್ಚಿನಲ್ಲಿ ಕಲಿಸಿದವು ಎಂಬುದನ್ನೂ ನಾನು ಮುಚ್ಚಿಡುವುದಿಲ್ಲ.

ಕಳೆದ ವರ್ಷ ಖಾಸಗಿ ಶಾಲೆಯೊಂದರಿಂದ ಹುಡುಗಿಯೊಬ್ಬಳು ನಮ್ಮಲ್ಲಿಗೆ ಮರಳಿದಳು. ಇಂಗ್ಲಿಷ್ ಪುಸ್ತಕ ತೆರೆದು ಇಡೀ ಪುಟವನ್ನು ಗಿಳಿಯಂತೆ ಒಪ್ಪಿಸಿದಳು. ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು "ಇದೇನಮ್ಮಾ?" ಎಂದೆ. ಕಣ್ಣು ಮುಚ್ಚಿ ಮತ್ತೆ ಮೊದಲ ಸಾಲಿನಿಂದ ಶುರು ಮಾಡಿದಳು. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಕಾರ್ಡು ಹಿಡಿದು ಮೂರು ತಿಂಗಳು ಕೂತ ಮೇಲೆ, ಒಂದು ಮಧ್ಯಾಹ್ನ ಅಕ್ಕಿ ಮೂಟೆಯ ಮೇಲಿನ ಕನ್ನಡ ಅಕ್ಷರಗಳನ್ನು ತಾನಾಗಿ ಓದಿದಳು. ಅಡುಗೆಯವರು ಸೌಟು ಕೆಳಗಿಟ್ಟು ಅವಳ ಕೆನ್ನೆ ಸವರಿದರು.

ನಮ್ಮ ಕೊರತೆಯೂ ನನಗೆ ಗೊತ್ತಿದೆ. ಐದು ತರಗತಿಗೆ ಮೂವರೇ ಶಿಕ್ಷಕರು. ಇಂಗ್ಲಿಷ್ ಎಷ್ಟು ಆಗಬೇಕೋ ಅಷ್ಟು ಆಗುತ್ತಿಲ್ಲ ಎಂಬ ನಿಮ್ಮ ದೂರು ನಿಜ. ಈ ವರ್ಷ ದಿನಾ ಬೆಳಿಗ್ಗೆ ಅರ್ಧ ಗಂಟೆ ನಾನೇ ಇಂಗ್ಲಿಷ್ ತೆಗೆದುಕೊಳ್ಳುತ್ತೇನೆ.

ಇನ್ನೊಂದು ಲೆಕ್ಕ ಹೇಳಲೇಬೇಕು. ಐದನೇ ತರಗತಿಯವರೆಗಿನ ಶಾಲೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ ಮೂವರು ಎಂಬುದು ಕಾಯ್ದೆಯ ಪ್ರಮಾಣ. ನಮ್ಮಲ್ಲಿ 64 ಮಕ್ಕಳಿದ್ದಾರೆ. ಏಳು ಮಕ್ಕಳು ಹೋದರೆ ಶಿಕ್ಷಕರೊಬ್ಬರು 'ಹೆಚ್ಚುವರಿ' ಎಂದಾಗಿ ಬೇರೆ ಶಾಲೆಗೆ ಹೋಗಬೇಕಾಗಬಹುದು. ಆಗ ಉಳಿಯುವ 57 ಮಕ್ಕಳ ಮನೆಯವರಿಗೆ ಆಯ್ಕೆಯೆಂಬುದೇ ಇರುವುದಿಲ್ಲ. ಅವರಲ್ಲಿ ಹೆಚ್ಚಿನವರು ಕೂಲಿಗೆ ಹೋಗುವವರು, ಶಾಲಾ ವಾಹನದ ಬಾಡಿಗೆ ಅವರಿಗೆ ಎಟುಕದು.

ಟಿ.ಸಿ. ನಿಮ್ಮ ಹಕ್ಕು. ಕೇಳಿದ ದಿನವೇ ಬರೆದುಕೊಡುತ್ತೇನೆ, ಮುಖ ಸಿಂಡರಿಸುವುದಿಲ್ಲ. ಅದಕ್ಕೂ ಮೊದಲು ಈ ಶನಿವಾರ ಬೆಳಿಗ್ಗೆ ಬಂದು ನಿಮ್ಮ ಮಗುವಿನ ಪಕ್ಕ ಚಾಪೆಯ ಮೇಲೆ ಕುಳಿತುಕೊಳ್ಳಿ. ಪಾಠ ಮಾಡುವುದನ್ನು ನೋಡಿ, ಸರಿಯಿಲ್ಲದ್ದನ್ನು ನನ್ನೆದುರೇ ಹೇಳಿ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ