ಟೋರ್ನೆ ನದಿಯ ಲೆಕ್ಕದ ಪುಸ್ತಕ

ಪ್ರಿಯ ಓದುಗರೇ,

ಯುಗಾದಿಯ ಶುಭಾಶಯಗಳು. ಊರಿನಿಂದ ತಂದಿಟ್ಟ ಒಣಗಿದ ಬೇವಿನ ಹೂವಿನ ಡಬ್ಬಿ ಈ ವರ್ಷವೂ ನಮ್ಮ ಮನೆಯಲ್ಲಿ ತೆರೆಯಿತು. ಪಂಚಾಂಗದ ಪ್ರಕಾರ ವಸಂತ ಬಂದಿದೆ. ಆದರೆ ಸ್ವೀಡನ್ನಿನ ಉತ್ತರದ ತುದಿಯಲ್ಲಿ, ಫಿನ್ಲೆಂಡಿನ ಗಡಿಯಾಗಿ ಹರಿಯುವ ಟೋರ್ನೆ ನದಿ ಇನ್ನೂ ಗಟ್ಟಿ ನೆಲದಂತೆ ಮಲಗಿದೆ. ಅದರ ಯುಗಾದಿಗೆ ಇನ್ನೂ ಒಂದೂವರೆ ತಿಂಗಳು ಇದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಸಂಘದ ನಾಲ್ಕು ಕುಟುಂಬಗಳು ಈ ನದಿಯ ದಡ ಹಿಡಿದು ಸಮುದ್ರದಿಂದ ಮೇಲಕ್ಕೆ ಹೋಗಿದ್ದೆವು. ಊರಿನಿಂದ ಬಂದಿದ್ದ ನಮ್ಮ ಅತ್ತೆಯವರೂ ಜೊತೆಗಿದ್ದರು. ನಾಲ್ಕನೆಯ ದಿನ ಟೋರ್ನೆತ್ರೆಸ್ಕ್ ಸರೋವರ ತಲುಪಿದೆವು. ಸುಮಾರು 70 ಕಿಲೋಮೀಟರ್ ಉದ್ದದ, ಕೆಲವೆಡೆ 168 ಮೀಟರ್ ಆಳದ ಸರೋವರ ಅದು. ಹಿಮನದಿ ಕೊರೆದು ಬಿಟ್ಟುಹೋದ ತಗ್ಗಿನಲ್ಲಿ ನೀರು ನಿಂತಿದೆ. ಎದುರಿಗೆ ಲಾಪ್‌ಪೋರ್ಟೆನ್, ಎರಡು ಬೆಟ್ಟಗಳ ನಡುವೆ ಯಾರೋ ಬೋಗುಣಿಯ ಅಂಚಿನಿಂದ ಕೆರೆದಂತಹ ಕಣಿವೆ. ಅತ್ತೆಯವರು ಸುತ್ತ ನೋಡಿ, "ನದಿ ಹುಟ್ಟುವ ಜಾಗ ಅಂತೀರಿ. ಒಂದು ಗುಡಿ ಇಲ್ಲವಲ್ಲ?" ಎಂದರು.

ಇಲ್ಲ. ತಲಕಾವೇರಿಯ ಕುಂಡಿಕೆಯಂತಹದ್ದು ಇಲ್ಲಿಲ್ಲ, ತೀರ್ಥೋದ್ಭವವಿಲ್ಲ, ಜಾತ್ರೆಯಿಲ್ಲ. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈಗ ಒಂದು ಉತ್ತರ ಇದೆ ಎಂದುಕೊಂಡಿದ್ದೇನೆ: ಇಲ್ಲಿಯವರು ನದಿಯನ್ನು ಪೂಜಿಸುವುದಿಲ್ಲ, ಎಣಿಸುತ್ತಾರೆ. ಅದೂ ಎಂತಹ ಶ್ರದ್ಧೆಯಿಂದ!

1693ರಲ್ಲಿ, ನದಿ ಸಮುದ್ರ ಸೇರುವಲ್ಲಿರುವ ಟೋರ್ನಿಯೋ ಊರಿನ ಒಬ್ಬ ವ್ಯಾಪಾರಿ, ನದಿಯ ಮೇಲಿನ ಮಂಜುಗಡ್ಡೆ ಒಡೆದು ಹರಿದುಹೋದ ದಿನವನ್ನು ಬರೆದಿಟ್ಟ. ಮರುವರ್ಷವೂ ಬರೆದ. ಅವನು ಹೋದ ಮೇಲೆ ಬೇರೆಯವರು ಬರೆದರು. ಯುದ್ಧ ಬಂತು, ರಾಜ್ಯ ಬದಲಾಯಿತು, ಕ್ಷಾಮ ಬಂತು, ಲೆಕ್ಕ ಮಾತ್ರ ಇಂದಿಗೂ ನಡೆದಿದೆ. ನದಿಯ ಮಂಜುಗಡ್ಡೆಯ ಬಗ್ಗೆ ಇಷ್ಟು ಹಳೆಯ ದಾಖಲೆಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಆ ವ್ಯಾಪಾರಿಗೆ ಹವಾಮಾನ ವಿಜ್ಞಾನ ಬೇಕಿರಲಿಲ್ಲ. ನದಿ ಬಿಟ್ಟುಕೊಟ್ಟರೆ ದೋಣಿ ಇಳಿಸಬಹುದು, ಅಷ್ಟೇ. 1867ರಲ್ಲಿ ಜೂನ್ ಮಧ್ಯದವರೆಗೂ ಗಡ್ಡೆ ಕದಲಲಿಲ್ಲ. ಫಿನ್ಲೆಂಡಿನ ಭೀಕರ ಕ್ಷಾಮದ ಕಾಲ ಅದು. ಆ ವರ್ಷ ಬಿತ್ತನೆ ಏನಾಗಿರಬೇಕೆಂದು ಒಕ್ಕಲುತನದ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಈಗ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಭಾಗದಲ್ಲೇ ನದಿ ಬಿಡುಗಡೆಯಾಗುತ್ತದೆ. ಮೊದಲ ದಶಕಗಳ ತಾರೀಖುಗಳಿಗೆ ಹೋಲಿಸಿದರೆ ಇದು ಒಂದು ವಾರಕ್ಕಿಂತ ಹೆಚ್ಚು ಮುಂಚೆ. ಭೂಮಿ ಬಿಸಿಯಾಗುತ್ತಿದೆಯೇ ಎಂದು ವಾದಿಸುವವರ ಮುಂದೆ ನಾನಾದರೆ ಈ ವ್ಯಾಪಾರಿಯ ಪಟ್ಟಿಯನ್ನೇ ಇಟ್ಟು ಸುಮ್ಮನಾಗುತ್ತೇನೆ.

ಗಡ್ಡೆ ಒಡೆದ ಮೇಲೆ ನೆರೆ ಬರುತ್ತದೆ, ಒಂದಲ್ಲ ಎರಡು. ಮೊದಲು ತಗ್ಗಿನ ಕಾಡುಗಳ ಹಿಮ ಕರಗಿ ಬರುವ ನೆರೆ. ಕೆಲವು ವಾರಗಳ ನಂತರ, ನೀರು ಇಳಿಯಿತು ಎನ್ನುವಷ್ಟರಲ್ಲಿ, ಬೆಟ್ಟದ ಮೇಲಿನ ಹಿಮದ ನೆರೆ. ಕಾಡಿನ ನೆರೆ, ಬೆಟ್ಟದ ನೆರೆ ಎಂದೇ ಇಲ್ಲಿಯ ಭಾಷೆಯಲ್ಲಿ ಇವಕ್ಕೆ ಬೇರೆ ಬೇರೆ ಹೆಸರು. ಮುಂಗಾರು ಹಿಂಗಾರು ಎಂದು ಎಣಿಸಿ ಬೆಳೆದ ನಮಗೆ ಇದು ತಟ್ಟನೆ ಅರ್ಥವಾಗುತ್ತದೆ. ಈ ನದಿಯ ಮುಖ್ಯ ಹರಿವಿಗೆ ಅಡ್ಡಲಾಗಿ ಒಂದೂ ಜಲವಿದ್ಯುತ್ ಅಣೆಕಟ್ಟು ಇಲ್ಲ. ಸ್ವೀಡನ್ನಿನ ದೊಡ್ಡ ನದಿಗಳಲ್ಲಿ ಹೀಗೆ ಕಾನೂನಿನ ರಕ್ಷಣೆ ಪಡೆದು ಉಳಿದವು ನಾಲ್ಕೇ: ಟೋರ್ನೆ, ಕಾಲಿಕ್ಸ್, ಪೀತೆ, ವಿಂದೆಲ್. ಹಾಗಾಗಿ ನೆರೆ ಇಲ್ಲಿ ಬಂದಂತೆ ಬರುತ್ತದೆ, ಯಾರೂ ಗೇಟು ತೆರೆಯಬೇಕಿಲ್ಲ.

ನದಿಯ ಉದ್ದ ಸುಮಾರು 520 ಕಿಲೋಮೀಟರ್. ಆದರೆ ಅದು ಮಾಡುವ ಒಂದು ಕೆಲಸ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಯೂನೊಸುವಾಂದೊ ಎಂಬ ಹಳ್ಳಿಯ ಬಳಿ ಟೋರ್ನೆ ಕವಲೊಡೆದು, ತನ್ನ ನೀರಿನಲ್ಲಿ ಸುಮಾರು ಅರ್ಧವನ್ನು ತಾರೆಂದೊ ಎಂಬ ಕವಲಿಗೆ ಕೊಟ್ಟುಬಿಡುತ್ತದೆ. ಆ ಕವಲು ಐವತ್ತು ಕಿಲೋಮೀಟರ್ ಹರಿದು ಹೋಗಿ ಸೇರುವುದು ಇನ್ನೊಂದು ನದಿಯನ್ನು, ಕಾಲಿಕ್ಸನ್ನು. ಕಾಲಿಕ್ಸ್ ತನ್ನದೇ ದಾರಿಯಲ್ಲಿ ಸಮುದ್ರಕ್ಕೆ ಹೋಗುತ್ತದೆ. ಮುಖಜ ಭೂಮಿಯಲ್ಲಿ ನದಿ ಕವಲಾಗುವುದು ಸಾಮಾನ್ಯ, ಆದರೆ ನಡುನಾಡಿನಲ್ಲಿ ಹೀಗೆ ಎರಡು ಜಲಾನಯನಗಳನ್ನು ಹೊಲಿಯುವ ಕವಲು ಅಪರೂಪ. ದಕ್ಷಿಣ ಅಮೆರಿಕದಲ್ಲಿ ಒರಿನೊಕೊ ನದಿಯ ನೀರನ್ನು ಅಮೆಜಾನ್ ಕಡೆಗೆ ಒಯ್ಯುವ ಕಾಸಿಕಿಯಾರೆ ಇದಕ್ಕೆ ಅಣ್ಣ. ಕವಲಿನ ದಡದಲ್ಲಿ ನಿಂತು ಇದನ್ನು ವಿವರಿಸಿದಾಗ, ಜೊತೆಗಿದ್ದ ಮಂಡ್ಯದ ಗೆಳೆಯರು ಬಹಳ ಹೊತ್ತು ನೀರನ್ನೇ ನೋಡುತ್ತಾ ನಿಂತು, "ನ್ಯಾಯಮಂಡಳಿ ಇಲ್ಲದೆಯಾ?" ಎಂದು ಕೇಳಿದರು.

ಎಣಿಕೆಯ ಮಾತಿಗೆ ಮರಳುತ್ತೇನೆ. 1736ರ ಬೇಸಿಗೆಯಲ್ಲಿ ಫ್ರಾನ್ಸಿನ ವಿದ್ವಾಂಸ ಮೊಪರ್ಟ್ವಿ ತನ್ನ ತಂಡದೊಂದಿಗೆ ಟೋರ್ನಿಯೋಗೆ ಬಂದ. ತಂಡದಲ್ಲಿ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ಇದ್ದ, ನಮ್ಮ ಜ್ವರದ ಡಿಗ್ರಿಗೆ ಹೆಸರು ಕೊಟ್ಟವನೇ. ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿದೆಯೇ, ಇಲ್ಲ ನಿಂಬೆಹಣ್ಣಿನಂತೆ ಚೂಪಾಗಿದೆಯೇ ಎಂಬುದು ಆಗಿನ ಜಗಳ. ಉತ್ತರದಲ್ಲಿ ಒಂದು ಡಿಗ್ರಿ ಅಕ್ಷಾಂಶದ ಉದ್ದ ಎಷ್ಟು ಎಂದು ಅಳೆದರೆ ಜಗಳ ತೀರುತ್ತದೆ. ಟೋರ್ನೆಯ ಕಣಿವೆ ಹೆಚ್ಚುಕಡಿಮೆ ದಕ್ಷಿಣೋತ್ತರವಾಗಿ ಚಾಚಿಕೊಂಡಿದೆ, ಎರಡೂ ಕಡೆ ಗುಡ್ಡಗಳಿವೆ. ಟೋರ್ನಿಯೋ ಚರ್ಚಿನ ಗೋಪುರದಿಂದ ಪೆಲ್ಲೊ ಬಳಿಯ ಕಿತ್ತಿಸ್ ಗುಡ್ಡದವರೆಗೆ ತ್ರಿಕೋನಗಳನ್ನು ಜೋಡಿಸಿದರು. ಕೋನ ಅಳೆದರೆ ಸಾಲದು, ಒಂದು ರೇಖೆಯನ್ನಾದರೂ ಕೋಲಿಟ್ಟು ಅಳೆಯಲೇಬೇಕು. ಕಾಡು, ಜವುಗು, ಗುಂಡಿ ಇರುವ ನಾಡಿನಲ್ಲಿ ಸಮತಟ್ಟಾದ ಜಾಗ ಎಲ್ಲಿ? ಹೆಪ್ಪುಗಟ್ಟಿದ ನದಿಯ ಮೇಲೆ. ಡಿಸೆಂಬರಿನ ಕತ್ತಲಿನಲ್ಲಿ, ಮರದ ಕೋಲುಗಳನ್ನು ಒಂದರ ತುದಿಗೆ ಇನ್ನೊಂದನ್ನು ಹಚ್ಚುತ್ತಾ, ಸುಮಾರು 14 ಕಿಲೋಮೀಟರ್ ಮಂಜುಗಡ್ಡೆಯನ್ನು ಅಳೆದರು. ಬ್ರಾಂದಿ ಒಂದೇ ಹೆಪ್ಪುಗಟ್ಟದೆ ಉಳಿದಿತ್ತು, ಅದನ್ನು ಕುಡಿಯಹೋದರೆ ಲೋಟ ತುಟಿಗೆ ಅಂಟಿಕೊಳ್ಳುತ್ತಿತ್ತು ಎಂದು ಮೊಪರ್ಟ್ವಿಯೇ ಬರೆದಿದ್ದಾನೆ. ಭೂಮಿ ಧ್ರುವಗಳಲ್ಲಿ ಚಪ್ಪಟೆ ಎಂಬ ತೀರ್ಮಾನ ಸರಿಯಿತ್ತು. ಅಳತೆಯಲ್ಲಿ ಮಾತ್ರ ತಪ್ಪು ನುಸುಳಿತ್ತು, ಮುಂದಿನ ಶತಮಾನದ ಆರಂಭದಲ್ಲಿ ಸ್ವೀಡನ್ನಿನವರು ಬಂದು ಮತ್ತೆ ಅಳೆದರು. ಅದಕ್ಕೆ ಸ್ವಲ್ಪ ಮೊದಲು, 1800ರಲ್ಲಿ, ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ಸರಪಳಿ ಹಾಸಿ ಇದೇ ಬಗೆಯ ರೇಖೆಯನ್ನು ಅಳೆದಿದ್ದ. ಅವನಿಗೂ ಭೂಮಿಯ ಆಕಾರದ ಹುಚ್ಚಿತ್ತು.

ಸೆಲ್ಸಿಯಸ್‌ಗೆ ಇನ್ನೊಂದು ಚಿಂತೆಯೂ ಇತ್ತು. ಈ ಕರಾವಳಿಯಲ್ಲಿ ಸಮುದ್ರ ಹಿಂದೆ ಸರಿಯುತ್ತಿದೆ ಎಂದು ತೋರಿಸಲು 1731ರಲ್ಲೇ ಅವನು ಒಂದು ಬಂಡೆಗೆ ನೀರಿನ ಮಟ್ಟದ ಗುರುತು ಕೆತ್ತಿಸಿದ್ದ. ನೀರು ಇಳಿಯುತ್ತಿದೆ ಎಂದು ಅವನ ಊಹೆ. ನಿಜವಾಗಿ ನೆಲವೇ ಏಳುತ್ತಿದೆ. ಹಿಮಯುಗದಲ್ಲಿ ಕಿಲೋಮೀಟರುಗಟ್ಟಲೆ ದಪ್ಪದ ಮಂಜು ಇಲ್ಲಿಯ ನೆಲವನ್ನು ಅದುಮಿ ಕೂತಿತ್ತು. ಅದು ಕರಗಿ ಹತ್ತು ಸಾವಿರ ವರ್ಷವಾದರೂ ನೆಲ ಇನ್ನೂ ಮೇಲೇಳುತ್ತಿದೆ, ನದಿಯ ಮುಖದಲ್ಲಿ ವರ್ಷಕ್ಕೆ ಸುಮಾರು 8 ಮಿಲಿಮೀಟರ್. ಕಡಿಮೆ ಎನಿಸಬಹುದು. 1621ರಲ್ಲಿ ಬಂದರು ಪಟ್ಟಣವಾಗಿ ಹುಟ್ಟಿದ ಟೋರ್ನಿಯೋ, ನೀರು ಬತ್ತುತ್ತಾ ಹೋದಂತೆ ಬಂದರನ್ನು ಸಮುದ್ರದ ಕಡೆಗೆ ಸಾಗಿಸಬೇಕಾಯಿತು.

ಗಡಿಯ ಕಥೆಯೂ ಹೀಗೇ ಜಾರುತ್ತದೆ. 1809ರಲ್ಲಿ ಸ್ವೀಡನ್ ಫಿನ್ಲೆಂಡನ್ನು ರಷ್ಯಾಕ್ಕೆ ಬಿಟ್ಟುಕೊಟ್ಟಾಗ ನದಿಯ ಅತಿ ಆಳದ ಜಾಡನ್ನೇ ಗಡಿ ಎಂದು ಬರೆದರು. ಟೋರ್ನಿಯೋ ಮುಖ್ಯ ಹರಿವಿನ ಪಶ್ಚಿಮಕ್ಕಿತ್ತು, ಆ ಲೆಕ್ಕದಲ್ಲಿ ಅದು ಸ್ವೀಡನ್ನಿಗೆ ಸೇರಬೇಕು. ಆದರೆ ರಷ್ಯನ್ನರು ಪಟ್ಟಣವನ್ನು ಬಿಡಲಿಲ್ಲ, ಗಡಿ ಅಲ್ಲಿ ಮಾತ್ರ ಡೊಂಕಾಯಿತು. ನದಿ ಜಾಡು ಬದಲಿಸುತ್ತದೆ ಎಂಬ ಕಾರಣಕ್ಕೆ ಈಗಲೂ ಸುಮಾರು 25 ವರ್ಷಕ್ಕೊಮ್ಮೆ ಎರಡೂ ದೇಶದವರು ಕೂಡಿ ಗಡಿಯನ್ನು ಪರಿಶೀಲಿಸುತ್ತಾರೆ. ಜಗಳವಿಲ್ಲದೆ.

ಅಳತೆಗೆ ಸಿಗದೆ ನಡುವೆ ಸೀಳಿಹೋದದ್ದು ಎರಡೂ ದಡದವರು ಆಡುತ್ತಿದ್ದ ಒಂದೇ ಮಾತು. ಸ್ವೀಡನ್ನಿನ ದಡದಲ್ಲಿ ಉಳಿದ ಆ ಮಾತಿಗೆ ಈಗ ಮಿಯಾನ್‌ಕಿಯೆಲಿ ಎಂದು ಹೆಸರು. ಅರ್ಥ ಕೇಳಿ: 'ನಮ್ಮ ನುಡಿ'. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಶಾಲೆಗಳಲ್ಲಿ ಸ್ವೀಡಿಷ್ ಮಾತ್ರ ಎಂದಾಯಿತು, ಮನೆಮಾತು ಆಡಿದ ಮಕ್ಕಳು ಶಿಕ್ಷೆ ತಿಂದರು. 2000ದಲ್ಲಿ ಅದಕ್ಕೆ ಅಲ್ಪಸಂಖ್ಯಾತ ಭಾಷೆಯ ಮಾನ್ಯತೆ ಸಿಕ್ಕಿತು. ಆ ಮಕ್ಕಳಿಗೆ ಆದದ್ದೇನೆಂದು ಸತ್ಯಶೋಧನಾ ಆಯೋಗದ ವರದಿ ಹೊರಬಂದದ್ದು 2023ರಲ್ಲಿ. ಶನಿವಾರದ ಕನ್ನಡ ತರಗತಿಗೆ ಮಕ್ಕಳನ್ನು ಗದರಿಸಿ ಎಬ್ಬಿಸುವ ನಾವು, ಬೈಸಿಕೊಂಡೂ ನುಡಿಯನ್ನು ಬಿಡದವರ ಮುಂದೆ ಸ್ವಲ್ಪ ತಲೆ ತಗ್ಗಿಸಬೇಕಾಗುತ್ತದೆ.

ಮೀನಿನ ವಿಷಯ ಹೇಳದೆ ಟೋರ್ನೆಯ ಕಥೆ ಮುಗಿಯದು. ಸಾಲ್ಮನ್ ಇಲ್ಲಿಯ ಜಲ್ಲಿಕಲ್ಲಿನಲ್ಲಿ ಹುಟ್ಟಿ, ಮೂರು ನಾಲ್ಕು ವರ್ಷ ನದಿಯಲ್ಲೇ ಬೆಳೆದು, ಬಾಲ್ಟಿಕ್ ಸಮುದ್ರಕ್ಕಿಳಿದು, ಮೊಟ್ಟೆಯಿಡಲು ಹುಟ್ಟೂರಿಗೇ ಮರಳುತ್ತದೆ. ಕಾತ್ತಿಲಕೋಸ್ಕಿ ಎಂಬಲ್ಲಿ ನೀರಿನೊಳಗಿನ ಸೋನಾರ್ ಯಂತ್ರ ಮರಳುವ ಮೀನನ್ನು ಒಂದೊಂದಾಗಿ ಎಣಿಸುತ್ತದೆ. 2014ರಲ್ಲಿ ಲೆಕ್ಕ ಒಂದು ಲಕ್ಷ ದಾಟಿತ್ತು. 2023ರಲ್ಲಿ ವಿಪರೀತ ಕುಸಿಯಿತು. ಆಗ ದಡದ ಊರುಗಳಲ್ಲಿ ಆವರಿಸಿದ ಮೌನ ಎಂತಹದ್ದೆಂದು ಕುಕ್ಕೊಲದಲ್ಲಿ ಒಬ್ಬ ಹಿರಿಯರ ಮುಖ ನೋಡಿ ತಿಳಿದೆ. ಕುಕ್ಕೊಲದ ರಭಸದಲ್ಲಿ ನದಿ ಮೂರೂವರೆ ಕಿಲೋಮೀಟರಿಗೆ ಸುಮಾರು 14 ಮೀಟರ್ ಇಳಿಯುತ್ತದೆ. ಜನ ನೀರಿನ ಮೇಲೆ ಮರದ ಅಟ್ಟಣೆ ಕಟ್ಟಿ, ಉದ್ದ ಕೋಲಿನ ಕೈಬಲೆಯಿಂದ ಸೀಕ್ ಎಂಬ ಬಿಳಿಮೀನನ್ನು ಎತ್ತುತ್ತಾರೆ. ಹಿಡಿದದ್ದು ಹಿಡಿದವನ ಪಾಲಲ್ಲ, ಊರಿನ ಹಕ್ಕುದಾರ ಮನೆಗಳಿಗೆ ಹಂಚಿಕೆಯಾಗುವ ಹಳೆಯ ಪದ್ಧತಿ ಇದೆ. ಆ ಹಿರಿಯರು ಬಲೆಯನ್ನು ನನ್ನ ಕೈಗೂ ಕೊಟ್ಟರು. ನೀರು ಅದನ್ನು ಕಿತ್ತುಕೊಂಡು ಹೋಗಲಿತ್ತು. ಮೀನು ತಿನ್ನದ ನಮ್ಮ ಅತ್ತೆಯವರು ಮಾತ್ರ ಅಟ್ಟಣೆಯ ಮೇಲೆ ಕೂತು, ಬಲೆಗೆ ಬಿದ್ದ ಮೀನುಗಳನ್ನು ಒಂದು, ಎರಡು ಎಂದು ಕನ್ನಡದಲ್ಲಿ ಎಣಿಸುತ್ತಿದ್ದರು.

ಇನ್ನು ಸಂಘದ ವಿಷಯ. ಈ ಜುಲೈ ಕೊನೆಯ ವಾರ, ಬಿಳಿಮೀನಿನ ಹಬ್ಬದ ಹೊತ್ತಿಗೆ ಮತ್ತೆ ಕುಕ್ಕೊಲಕ್ಕೆ ಹೋಗುವ ಯೋಚನೆ ಇದೆ. ಬರುವವರು ಏಪ್ರಿಲ್ ಮುಗಿಯುವುದರೊಳಗೆ ಹೆಸರು ಕೊಡಿ. ಸೊಳ್ಳೆಗಳ ಬಗ್ಗೆ ನಾನು ಎಚ್ಚರಿಸಲಿಲ್ಲ ಎಂದು ಆಮೇಲೆ ಹೇಳಬೇಡಿ. ಅದಕ್ಕೂ ಮೊದಲು ಒಂದು ಸಣ್ಣ ಪಂದ್ಯ: ಟೋರ್ನಿಯೋ ಊರಿನೆದುರು ಈ ವರ್ಷ ಮಂಜುಗಡ್ಡೆ ಕದಲುವ ದಿನ ಯಾವುದು? ನಿಮ್ಮ ಊಹೆ ಬರೆದು ಕಳುಹಿಸಿ. ಗೆದ್ದವರಿಗೆ ನಮ್ಮ ಮನೆಯ ಹೋಳಿಗೆ, ಒಂದು ಡಜನ್. ನನ್ನ ಊಹೆ ಮೇ 7. ಅತ್ತೆಯವರು ಊರಿನಿಂದ ಫೋನಿನಲ್ಲಿ ಮೇ 11 ಎಂದಿದ್ದಾರೆ, ಪಂಚಾಂಗ ನೋಡಿ.

ನಿಮ್ಮ,
ಸಂಪಾದಕ